ಎಕ್ಸ್‌ಪಿ ಮಾರಾಟಕ್ಕಿದೆ: ಶೂಟರ್ ಆಟಗಳಲ್ಲಿ ನ್ಯಾಯದ ಲೆಕ್ಕ

ಹಣ ಕೊಟ್ಟವರು ಬೇಗ ಮೇಲೇರುವ ವ್ಯವಸ್ಥೆ ಮಲ್ಟಿಪ್ಲೇಯರ್ ಆಟಗಳಲ್ಲಿ ಈಗ ಮಾಮೂಲಿ. ಇದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮೋಸ?

2011ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಅಂಗಡಿಗಳಲ್ಲಿ ಡೊರಿಟೋಸ್ ಚಿಪ್ಸ್, ಮೌಂಟನ್ ಡ್ಯೂ ಕೊಂಡವರಿಗೆ ಅದರೊಂದಿಗೆ ಒಂದು ಕೋಡ್ ಕೂಡ ಸಿಗುತ್ತಿತ್ತು. ಅದನ್ನು ನೋಂದಾಯಿಸಿದರೆ ಆ ನವೆಂಬರ್‌ನಲ್ಲಿ ಬಿಡುಗಡೆಯಾದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 3’ ಆಟದಲ್ಲಿ ಇಂತಿಷ್ಟು ಹೊತ್ತು ‘ಡಬಲ್ ಎಕ್ಸ್‌ಪಿ’, ಅಂದರೆ ಎರಡು ಪಟ್ಟು ಅನುಭವಾಂಕ. ಪಂದ್ಯ ಅದೇ, ಎದುರಾಳಿ ಅದೇ, ಹೊಡೆದ ಗುರಿಯೂ ಅದೇ. ಕೈಗೆ ಬರುವ ಅಂಕ ಮಾತ್ರ ಎರಡು ಪಟ್ಟು. ಚಿಪ್ಸ್ ಕೊಳ್ಳದವನು ಎರಡು ಗಂಟೆಯಲ್ಲಿ ಏರುವ ಮೆಟ್ಟಿಲನ್ನು ಕೊಂಡವನು ಒಂದು ಗಂಟೆಯಲ್ಲಿ ಏರುತ್ತಿದ್ದ.

ಬರೀ ಜಾಹೀರಾತಿನ ಆಕರ್ಷಣೆ ಎಂದು ಇದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ಆಟದಲ್ಲಿ ಮೆಟ್ಟಿಲೆಂದರೆ ಹೆಸರಿನ ಪಕ್ಕದ ಒಂದು ಸಂಖ್ಯೆಯಷ್ಟೇ ಆಗಿರಲಿಲ್ಲ. ಒಂದೊಂದು ಲೆವೆಲ್ ಏರಿದಂತೆ ಹೊಸ ಬಂದೂಕು, ಹೊಸ ಉಪಕರಣ, ಹೊಸ ಸಾಮರ್ಥ್ಯ ತೆರೆದುಕೊಳ್ಳುತ್ತಿದ್ದವು. ಅಂದಮೇಲೆ ಚಿಪ್ಸ್ ಪೊಟ್ಟಣದೊಂದಿಗೆ ಮಾರಾಟವಾಗುತ್ತಿದ್ದುದು ಎದುರಾಳಿಗಿಂತ ಮೊದಲೇ ಆಯುಧ ಹಿಡಿಯುವ ಅವಕಾಶ. ಇಂದು ಅದೇ ಸೌಲಭ್ಯ ಬೂಸ್ಟ್, ಡಬಲ್ ಎಕ್ಸ್‌ಪಿ ಟೋಕನ್, ಪ್ರೀಮಿಯಂ ಅಕೌಂಟ್ ಎಂಬ ಹೆಸರುಗಳಲ್ಲಿ ಆಟದೊಳಗಿನ ಅಂಗಡಿಗೇ ಬಂದು ಕೂತಿದೆ. ನಮ್ಮ ಮಕ್ಕಳ ಮೊಬೈಲ್‌ನಲ್ಲೂ ಆ ಅಂಗಡಿ ಹಗಲೂ ರಾತ್ರಿ ತೆರೆದಿರುತ್ತದೆ. ಹಾಗಾಗಿ ಅಲ್ಲಿ ಮಾರುವುದೇನು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಲೆವೆಲ್ ಬಂದದ್ದು ಎಲ್ಲಿಂದ?

ಅನುಭವಕ್ಕೆ ಅಂಕ ಕೊಡುವ ಪದ್ಧತಿ ಶೂಟರ್ ಆಟಗಳಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕಥೆ ಕಟ್ಟುತ್ತ ಆಡುವ ಆಟ ಇದನ್ನು ಬಳಕೆಗೆ ತಂದಿತು. ಅಲ್ಲಿ ಆಟಗಾರರೆಲ್ಲ ಒಂದೇ ತಂಡ. ಎದುರಿಗಿರುವುದು ಕಥೆಯ ರಾಕ್ಷಸರು. ಒಬ್ಬ ಬಲಿಷ್ಠನಾದರೆ ಉಳಿದವರಿಗೂ ಲಾಭ, ಯಾರಿಗೂ ನಷ್ಟವಿಲ್ಲ. ಮನುಷ್ಯರ ವಿರುದ್ಧ ಮನುಷ್ಯರು ಆಡುವಲ್ಲಿಗೆ ಬಂದಾಗ ಇದೇ ಪದ್ಧತಿಯ ಸ್ವಭಾವ ಬದಲಾಯಿತು. ಅಲ್ಲಿ ನನ್ನ ಏಳಿಗೆ ಎಂದರೆ ನಿನ್ನ ಇಳಿಕೆ.

ಮೊದಲ ತಲೆಮಾರಿನ ಶೂಟರ್‌ಗಳಿಗೆ ಈ ತೊಡಕು ಇರಲಿಲ್ಲ. 1996ರ ‘ಕ್ವೇಕ್’ ಆಟದಲ್ಲಿ ಬಂದೂಕುಗಳು ಮೈದಾನದಲ್ಲೇ ಬಿದ್ದಿರುತ್ತಿದ್ದವು, ಮೊದಲು ಓಡಿ ಹೋದವನು ಎತ್ತಿಕೊಳ್ಳುತ್ತಿದ್ದ. 1999ರಲ್ಲಿ ‘ಹಾಫ್-ಲೈಫ್’ ಆಟದ ಮಾರ್ಪಾಡಾಗಿ ಹುಟ್ಟಿದ ‘ಕೌಂಟರ್-ಸ್ಟ್ರೈಕ್’ ಇಂದಿಗೂ ಅದೇ ಶಿಸ್ತು ಉಳಿಸಿಕೊಂಡಿದೆ. ನಿನ್ನೆ ಸೇರಿದವನಿಗೂ ಹತ್ತು ವರ್ಷದಿಂದ ಆಡುತ್ತಿರುವವನಿಗೂ ಮೊದಲ ಸುತ್ತಿನಲ್ಲಿ ಕೈಗೆ ಸಿಗುವುದು ಆಟದೊಳಗಿನ 800 ಡಾಲರ್ ಮತ್ತು ಒಂದು ಪಿಸ್ತೂಲು. ಅಲ್ಲಿಂದ ಮುಂದೆ ಗೆದ್ದು ಗಳಿಸಿದ್ದರಲ್ಲೇ ಬಂದೂಕು ಕೊಳ್ಳಬೇಕು. ಪಂದ್ಯ ಮುಗಿದರೆ ಆ ಲೆಕ್ಕವೂ ಮುಗಿಯಿತು.

ಚಿತ್ರ ಬದಲಿಸಿದ್ದು 2007ರ ‘ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್’. 55 ಲೆವೆಲ್‌ಗಳು, ನಾಲ್ಕನೇ ಲೆವೆಲ್ ತಲುಪಿದ ಮೇಲಷ್ಟೇ ತನಗೆ ಬೇಕಾದಂತೆ ಆಯುಧ ಜೋಡಿಸಿಕೊಳ್ಳುವ ಅವಕಾಶ, ಆಮೇಲೆ ಒಂದೊಂದಾಗಿ ಬಂದೂಕುಗಳು. ಇದನ್ನು ರೂಪಿಸಿದವರ ತರ್ಕ ತಪ್ಪಾಗಿರಲಿಲ್ಲ. ಹೊಸಬನ ಮುಂದೆ ಒಮ್ಮೆಗೇ ಇಪ್ಪತ್ತು ಬಂದೂಕು ಹರವಿದರೆ ಅವನು ಗಲಿಬಿಲಿಗೊಳ್ಳುತ್ತಾನೆ; ಒಂದೊಂದಾಗಿ ಕೊಟ್ಟರೆ ಕಲಿಯುತ್ತಾನೆ, ನಾಳೆ ಮತ್ತೆ ಬರುತ್ತಾನೆ. ಆಟ ಭಾರಿ ಯಶಸ್ಸು ಕಂಡಿತು, ನಂತರದ ಬಹುತೇಕ ಶೂಟರ್‌ಗಳು ಅದೇ ಮಾದರಿ ಹಿಡಿದವು. ಮೆಟ್ಟಿಲು ಕಟ್ಟಿದ ಮೇಲೆ ಲಿಫ್ಟ್ ಮಾರುವ ಯೋಚನೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 2012ರಲ್ಲಿ ‘ಬ್ಯಾಟಲ್‌ಫೀಲ್ಡ್ 3’ ಆಟಕ್ಕೆ ‘ಶಾರ್ಟ್‌ಕಟ್’ ಎಂಬ ಹೆಸರಿನಲ್ಲೇ ಪ್ಯಾಕ್‌ಗಳು ಬಂದವು. ಎಲ್ಲವನ್ನೂ ಒಟ್ಟಿಗೆ ತೆರೆಯುವ ಪ್ಯಾಕ್‌ನ ಬೆಲೆ ಸುಮಾರು 40 ಡಾಲರ್.

ಒಂದು ಗುಂಡಿನ ಅಂತರ

‘ಬಂದೂಕು ಒಂದಿಷ್ಟು ಒಳ್ಳೆಯದಿದ್ದರೆ ಏನಾಯಿತು, ಕೈಚಳಕ ಇದ್ದವನು ಗೆದ್ದೇ ಗೆಲ್ಲುತ್ತಾನೆ’ ಎಂಬ ಮಾತನ್ನು ಆಟಗಾರರೇ ಆಡುತ್ತಾರೆ. ಇದನ್ನು ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸೋಣ.

ಒಂದು ಆಟದಲ್ಲಿ ಪ್ರತಿಯೊಬ್ಬನ ಪ್ರಾಣಶಕ್ತಿ 100 ಎಂದಿಟ್ಟುಕೊಳ್ಳಿ. ಆರಂಭದಲ್ಲಿ ಎಲ್ಲರಿಗೂ ಸಿಗುವ ಬಂದೂಕಿನ ಒಂದು ಗುಂಡು 33 ಕಳೆಯುತ್ತದೆ. ಮೇಲಿನ ಲೆವೆಲ್‌ನಲ್ಲಿ ಸಿಗುವ ಬಂದೂಕಿನದು 34. ವ್ಯತ್ಯಾಸ ಬರೀ ಒಂದು ಅಂಕ, ಶೇ 3ರ ಆಸುಪಾಸು. ಆದರೆ 34ರ ಮೂರು ಗುಂಡು ಸೇರಿದರೆ 102; ಎದುರಾಳಿ ಬಿದ್ದ. 33ರ ಮೂರು ಗುಂಡಿಗೆ 99. ಅವನಿನ್ನೂ ನಿಂತೇ ಇದ್ದಾನೆ, ನಾಲ್ಕನೆಯದು ಬೇಕು. ಎರಡೂ ಬಂದೂಕು ನಿಮಿಷಕ್ಕೆ 600 ಗುಂಡು ಹಾರಿಸುತ್ತವೆ ಎಂದರೆ ಗುಂಡಿಗೂ ಗುಂಡಿಗೂ ನಡುವೆ 0.1 ಸೆಕೆಂಡ್. ಒಬ್ಬ 0.2 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತಾನೆ, ಇನ್ನೊಬ್ಬನಿಗೆ 0.3 ಸೆಕೆಂಡ್ ಬೇಕು.

ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಬೇಕಾಗುವುದೇ ಸುಮಾರು ಕಾಲು ಸೆಕೆಂಡ್. ಅದರ ಮುಂದೆ 0.1 ಸೆಕೆಂಡ್ ದೊಡ್ಡ ಅಂತರ. ಇಬ್ಬರೂ ಒಂದೇ ಕ್ಷಣ ಟ್ರಿಗರ್ ಒತ್ತಿದರೆ, ಇಬ್ಬರ ಗುರಿಯೂ ಅಷ್ಟೇ ನಿಖರವಾಗಿದ್ದರೆ, 34ರ ಬಂದೂಕು ಹಿಡಿದವನು ಪ್ರತಿಸಲವೂ ಗೆಲ್ಲುತ್ತಾನೆ. ಸೋತವನಿಗೆ ಕಾರಣವೇ ತಿಳಿಯುವುದಿಲ್ಲ. ‘ನನಗೆ ಆಡಲು ಬರುವುದಿಲ್ಲ’ ಎಂದುಕೊಂಡು ಅವನು ಲಾಬಿಗೆ ಮರಳುತ್ತಾನೆ. ಸೋಲಿನ ನಿಜವಾದ ಕಾರಣ ಅವನಿಗೆ ಕಾಣದಂತಿರುವುದು ಈ ವ್ಯಾಪಾರದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಕೌಶಲದಲ್ಲಿ ಸೋತರೆ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಅಂಕಿಯಲ್ಲಿ ಸೋತವನು ಏನನ್ನು ತಿದ್ದಿಕೊಳ್ಳಬೇಕು?

ಬಣ್ಣ ಬೇರೆ, ಬಲ ಬೇರೆ

ಹಾಗೆಂದು ಎಲ್ಲ ಬೂಸ್ಟ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕೇಳಬೇಕಾದ ಮೊದಲ ಪ್ರಶ್ನೆ: ಆ ಎಕ್ಸ್‌ಪಿ ತೆರೆಯುವ ಬಾಗಿಲಿನ ಹಿಂದೆ ಏನಿದೆ?

2017ರಲ್ಲಿ ಬಂದ ‘ಫೋರ್ಟ್‌ನೈಟ್’ ಬ್ಯಾಟಲ್ ಪಾಸ್ ಎಂಬ ಪದ್ಧತಿಯನ್ನು ಜಗತ್ತಿನಾದ್ಯಂತ ಜನಪ್ರಿಯಗೊಳಿಸಿತು. ಪಾಸ್ ಕೊಂಡು ಆಡುತ್ತ ಹೋದರೆ ವೇಷ, ಕುಣಿತ, ಬಣ್ಣ ಸಿಗುತ್ತವೆ. ಅದರ ಬ್ಯಾಟಲ್ ರಾಯಲ್ ಪಂದ್ಯದಲ್ಲಿ ಮಾತ್ರ ಎಲ್ಲರೂ ಬರಿಗೈಯಲ್ಲೇ ಇಳಿಯಬೇಕು. ಬಿಜಿಎಂಐ ಎಂಬ ಮೊಬೈಲ್ ಆಟ ಆಡುವವರಿಗೆ ಇದು ಪರಿಚಿತ: ಯುಸಿ ಎಂಬ ಆಟದ ಹಣ ಹಾಕಿಸಿ ರಾಯಲ್ ಪಾಸ್ ಕೊಂಡರೂ, ಎಕ್ಸ್‌ಪಿ ಕಾರ್ಡ್ ಬಳಸಿ ಲೆವೆಲ್ ಏರಿಸಿಕೊಂಡರೂ ವಿಮಾನದಿಂದ ಹಾರುವಾಗ ಕೈ ಖಾಲಿ. ನೆಲದಲ್ಲಿ ಸಿಕ್ಕ ಎಂ416 ಬಂದೂಕಿಗೆ ಎಷ್ಟೇ ದುಬಾರಿ ಸ್ಕಿನ್ ಹಾಕಿದರೂ ಗುಂಡಿನ ಪೆಟ್ಟು ಅಷ್ಟೇ. ಇಂತಲ್ಲಿ ಬೂಸ್ಟ್ ಕೊಂಡವನು ತನ್ನ ಹಣಕ್ಕೆ ತನ್ನ ಸಂತೋಷ ಕೊಂಡ ಎನ್ನಬಹುದು. ಎದುರಾಳಿಯಿಂದ ಅವನು ಏನನ್ನೂ ಕಿತ್ತುಕೊಂಡಿಲ್ಲ.

‘ಫ್ರೀ ಫೈರ್’ ಆಡಿದವರ ಅನುಭವ ಬೇರೆ. ಅಲ್ಲಿನ ಅನೇಕ ಗನ್ ಸ್ಕಿನ್‌ಗಳ ಜೊತೆಗೆ ಗುಣಗಳೂ ಬರುತ್ತವೆ: ಪೆಟ್ಟು ಒಂದಿಷ್ಟು ಹೆಚ್ಚು, ಗುಂಡಿನ ವೇಗ ಒಂದಿಷ್ಟು ಹೆಚ್ಚು, ಬದಲಿಗೆ ಇನ್ನೇನೋ ಒಂದಿಷ್ಟು ಕಡಿಮೆ. ಈ ಸ್ಕಿನ್‌ಗಳ ಹಿಂದೆ ಡೈಮಂಡ್ ಟಾಪ್‌ಅಪ್, ಅಂದರೆ ದುಡ್ಡು ಕೊಟ್ಟು ಆಟದ ಹಣ ತುಂಬಿಸಿಕೊಳ್ಳುವುದು ಇರುತ್ತದೆ. ಇದಕ್ಕೆ ಆಟಗಾರ ಹುಡುಗರು ಕಂಡುಕೊಂಡ ಪರಿಹಾರ ನೋಡಿ. ಇಬ್ಬರ ನಡುವೆ ಪಂದ್ಯ ಕಟ್ಟಿ, ಯಾರು ನಿಜವಾಗಿ ಮೇಲು ಎಂದು ತೀರ್ಮಾನಿಸಬೇಕಾದಾಗ ಕಸ್ಟಮ್ ರೂಮ್ ತೆರೆಯುತ್ತಾರೆ. ಅದರ ಸೆಟ್ಟಿಂಗ್‌ನಲ್ಲಿ ಗನ್ ಆಟ್ರಿಬ್ಯೂಟ್ ಆಫ್ ಮಾಡುತ್ತಾರೆ. ಸ್ಕಿನ್ ಉಳಿಯುತ್ತದೆ, ಅದರ ಬಲ ಹೋಗುತ್ತದೆ. ಯಾವ ನಿಯಮಾವಳಿಯನ್ನೂ ಓದದ ಹುಡುಗರಿಗೆ ಪಂದ್ಯದ ನ್ಯಾಯ ಎಂದರೇನೆಂದು ಗೊತ್ತಿದೆ. ಅವರು ಕೈಯಾರೆ ಆಫ್ ಮಾಡಿಕೊಳ್ಳುವುದನ್ನು ಆಟ ತಾನಾಗಿಯೇ ಮಾಡಿ ಕೊಡಬೇಕಿತ್ತು.

ಬಣ್ಣಕ್ಕೂ ಬಲಕ್ಕೂ ನಡುವೆ ಇನ್ನೊಂದು ವರ್ಗವಿದೆ. ‘ವರ್ಲ್ಡ್ ಆಫ್ ಟ್ಯಾಂಕ್ಸ್’ನಲ್ಲಿ ಪ್ರೀಮಿಯಂ ಅಕೌಂಟ್ ಇದ್ದವರಿಗೆ ಪ್ರತಿ ಪಂದ್ಯಕ್ಕೂ ಹೆಚ್ಚಿನ ಎಕ್ಸ್‌ಪಿ ಸಿಗುತ್ತದೆ. ಅವರ ಟ್ಯಾಂಕಿಗೆ ನೇರವಾಗಿ ಹೆಚ್ಚು ಬಲ ಬರುವುದಿಲ್ಲ. ಮುಂದಿನ ಟ್ಯಾಂಕ್, ಒಳ್ಳೆಯ ತೋಪು ಬೇಗ ಕೈಗೆ ಬರುತ್ತದೆ. ‘ಕೊನೆಗೆ ಎಲ್ಲರೂ ಅಲ್ಲಿಗೇ ತಲುಪುತ್ತಾರಲ್ಲ’ ಎಂಬುದು ಇಂಥ ಬೂಸ್ಟ್‌ಗಳಿಗೆ ಕಂಪನಿಗಳು ಕೊಡುವ ಸಮರ್ಥನೆ. ಒಮ್ಮೆ ಮಾತ್ರ ಓಡುವ ಓಟವಾಗಿದ್ದರೆ ಇದನ್ನು ಒಪ್ಪಬಹುದಿತ್ತು. ಆದರೆ ಈಗಿನ ಆಟಗಳಿಗೆ ಕೊನೆಯೇ ಇಲ್ಲ. ಹೊಸ ಸೀಸನ್ ಬರುತ್ತದೆ, ಹೊಸ ಬಂದೂಕು ಬರುತ್ತದೆ, ಮೆಟ್ಟಿಲು ಮತ್ತೆ ಬೆಳೆಯುತ್ತದೆ. ಹಿಂದಿನ ಅಂತರ ಮುಚ್ಚುವ ಹೊತ್ತಿಗೆ ಹೊಸದು ಹುಟ್ಟಿರುತ್ತದೆ. ‘ತಾತ್ಕಾಲಿಕ’ ಎಂದು ಮಾರಿದ ಮೇಲುಗೈ ಹೀಗೆ ಕಾಯಂ ಆಗಿಬಿಡುತ್ತದೆ.

ಜೋಡಿ ಕಟ್ಟುವ ಯಂತ್ರ

‘ಸಮಬಲದವರನ್ನೇ ಎದುರುಬದುರು ನಿಲ್ಲಿಸುವ ಮ್ಯಾಚ್‌ಮೇಕಿಂಗ್ ಇದೆಯಲ್ಲ’ ಎನ್ನುವುದು ಇನ್ನೊಂದು ಸಮಾಧಾನ. ಅದರ ಮೂಲ ಚದುರಂಗದಲ್ಲಿದೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಅರ್ಪಾದ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಚದುರಂಗದ ಜಾಗತಿಕ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗೆದ್ದರೆ ರೇಟಿಂಗ್ ಏರುತ್ತದೆ, ಸೋತರೆ ಇಳಿಯುತ್ತದೆ. ಬಲಿಷ್ಠನನ್ನು ಸೋಲಿಸಿದರೆ ಹೆಚ್ಚು ಏರುತ್ತದೆ. ತಂಡವಾಗಿ ಆಡುವ ಆಟಗಳಿಗೆ ಹೊಂದುವಂತೆ ಮೈಕ್ರೋಸಾಫ್ಟ್ ಸಂಶೋಧಕರು ‘ಟ್ರೂಸ್ಕಿಲ್’ ಎಂಬ ಲೆಕ್ಕಾಚಾರವನ್ನು ಎಕ್ಸ್‌ಬಾಕ್ಸ್‌ಗಾಗಿ ಕಟ್ಟಿದರು. ಕರಾವಳಿಯ ಕಂಬಳದಲ್ಲಿ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ ಎಂದು ವಿಭಾಗ ಮಾಡಿ ಕೋಣಗಳನ್ನು ಕರೆಗೆ ಇಳಿಸುವುದರ ಉದ್ದೇಶವೂ ಇದೇ: ಸಮಬಲದವರ ನಡುವೆ ಓಟ ನಡೆಯಲಿ.

ಬೂಸ್ಟ್‌ನಿಂದ ಬಂದ ಬಲವನ್ನು ಈ ಯಂತ್ರ ಸರಿದೂಗಿಸುತ್ತದೆಯೇ? ಗೆಲುವು-ಸೋಲಿನ ಸಂಖ್ಯೆಯನ್ನು ಸರಿದೂಗಿಸಬಹುದು. ಒಳ್ಳೆಯ ಬಂದೂಕಿನಿಂದ ಗೆದ್ದವನ ರೇಟಿಂಗ್ ಏರಿ, ಅವನಿಗೆ ಗಟ್ಟಿ ಎದುರಾಳಿಗಳು ಸಿಗುತ್ತಾರೆ, ಮತ್ತೆ ಅರ್ಧಕ್ಕರ್ಧ ಸೋಲುತ್ತಾನೆ. ಆದರೆ ಅವನ ರೇಟಿಂಗ್‌ನಲ್ಲಿ ಕೌಶಲ ಎಷ್ಟು, ಹಣ ಎಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ. ಅವನ ಎದುರು ಬಂದು ನಿಂತವನು ಅವನಿಗಿಂತ ಚೆನ್ನಾಗಿ ಆಡಬಲ್ಲವನೇ ಇರಬಹುದು, ಆದರೂ ಇಬ್ಬರ ರ್‍ಯಾಂಕ್ ಒಂದೇ. ನ್ಯಾಯವಾಗಿ ಮೇಲಿರಬೇಕಾದವನು ಕೆಳಗೇ ಉಳಿದ ಎಂದರ್ಥ.

ಈ ಯಂತ್ರವನ್ನು ಮಾರಾಟಕ್ಕೆ ದುಡಿಸುವ ಯೋಚನೆಯೂ ಕಾಗದದ ಮೇಲೆ ಬಂದಿದೆ. ‘ಕಾಲ್ ಆಫ್ ಡ್ಯೂಟಿ’ ಪ್ರಕಟಿಸುವ ಆಕ್ಟಿವಿಷನ್‌ಗೆ 2017ರ ಅಕ್ಟೋಬರ್‌ನಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಆಟಗಾರರು ಆಟದೊಳಗೆ ಖರೀದಿ ಮಾಡುವಂತೆ ಉತ್ತೇಜಿಸಲು ಜೋಡಿಗಳನ್ನು ಹೇಗೆ ಕಟ್ಟಬಹುದು ಎಂಬುದೇ ಅದರ ವಿಷಯ. ಒಂದು ಬಂದೂಕನ್ನು ಚೆನ್ನಾಗಿ ಬಳಸುವ ಪರಿಣತನ ಎದುರು ಹೊಸಬನನ್ನು ನಿಲ್ಲಿಸಿದರೆ, ಅದೇ ಬಂದೂಕು ತನಗೂ ಬೇಕೆಂದು ಅವನಿಗೆ ಅನ್ನಿಸುತ್ತದೆ. ಇದನ್ನು ಯಾವ ಆಟದಲ್ಲೂ ಅಳವಡಿಸಿಲ್ಲ ಎಂದು ಕಂಪನಿ ಹೇಳಿತು. ಆ ಮಾತನ್ನು ನಂಬೋಣ. ಆದರೂ ಜೋಡಿ ಕಟ್ಟುವವರೂ ಅಂಗಡಿ ಇಟ್ಟವರೂ ಒಬ್ಬರೇ ಆಗಿರುವಾಗ ಲೆಕ್ಕ ಬಹಿರಂಗವಾಗಿರಬೇಕು ಎಂದು ಕೇಳುವ ಹಕ್ಕು ಆಡುವವರಿಗಿದೆ.

ಸಮಯವಿಲ್ಲದವರ ವಾದ

ಬೂಸ್ಟ್ ಪರವಾಗಿರುವ ಗಟ್ಟಿ ವಾದವೊಂದನ್ನು ಗೌರವದಿಂದಲೇ ಕೇಳಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಸವಳಿದು ರಾತ್ರಿ ಮನೆ ಸೇರುವ ಉದ್ಯೋಗಿಗೆ ವಾರಕ್ಕೆ ಸಿಗುವುದು ಮೂರೋ ನಾಲ್ಕೋ ಗಂಟೆ. ರಜೆಯಲ್ಲಿರುವ ಕಾಲೇಜು ಹುಡುಗ ದಿನಕ್ಕೆ ಅಷ್ಟು ಆಡುತ್ತಾನೆ. ‘ಅವನ ಹತ್ತಿರ ಸಮಯವಿದೆ, ನನ್ನ ಹತ್ತಿರ ದುಡ್ಡಿದೆ. ನಾನು ದುಡ್ಡು ಕೊಟ್ಟು ಅವನ ಸಮಕ್ಕೆ ಬಂದರೆ ಅನ್ಯಾಯ ಹೇಗೆ?’ ಎಂದು ಉದ್ಯೋಗಿ ಕೇಳಬಹುದು. ಪ್ರಶ್ನೆ ನಿಜವಾದದ್ದು. ಆಟಕ್ಕೆ ಕೊಟ್ಟ ಗಂಟೆಗಳೆಲ್ಲ ಕೌಶಲವೇ ಅಲ್ಲ. ಎಷ್ಟೋ ಸಲ ಅದು ಬರೀ ಬಿಡುವಿನ ಲೆಕ್ಕ. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಆದರೆ ಆ ಉದ್ಯೋಗಿ ಕಾಲೇಜು ಹುಡುಗನ ಮೇಲೆ ಸಿಟ್ಟಾಗುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ದಾರಿಯನ್ನು ಇಷ್ಟು ಉದ್ದ ಮಾಡಿದವರು ಯಾರು? ಲೆವೆಲ್ ಏರಲು 10 ಗಂಟೆ ಸಾಕೋ, 40 ಗಂಟೆ ಬೇಕೋ ಎಂಬುದನ್ನು ಪ್ರಕೃತಿ ನಿರ್ಧರಿಸಿಲ್ಲ. ಕಂಪನಿಯ ಕಚೇರಿಯಲ್ಲಿ ಯಾರೋ ಒಂದು ಕೋಷ್ಟಕದಲ್ಲಿ ತುಂಬಿದ ಸಂಖ್ಯೆ ಅದು. ಆ ಸಂಖ್ಯೆ ಹೆಚ್ಚಿದಷ್ಟೂ ಬೂಸ್ಟ್‌ಗೆ ಗಿರಾಕಿ ಹೆಚ್ಚು. ಬೇಸರವನ್ನು ತಯಾರಿಸುವವರೂ ಬೇಸರದಿಂದ ಬಿಡುಗಡೆ ಮಾರುವವರೂ ಒಬ್ಬರೇ ಆದಾಗ ಬೇಸರವನ್ನು ಕಡಿಮೆ ಮಾಡಬೇಕೆಂಬ ಒತ್ತಡ ಯಾರ ಮೇಲೂ ಇರುವುದಿಲ್ಲ.

2017ರ ನವೆಂಬರ್‌ನಲ್ಲಿ ಇದು ಎರಡು ಕಡೆ ಬಯಲಾಯಿತು. ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದಲ್ಲಿ ಡಾರ್ತ್ ವೇಡರ್ ಪಾತ್ರ ತೆರೆಯಲು 60,000 ಕ್ರೆಡಿಟ್ ಬೇಕಿತ್ತು. ಆಟಗಾರರ ಲೆಕ್ಕದಲ್ಲಿ ಅದು ಸುಮಾರು 40 ಗಂಟೆಯ ಆಟ. ಬಲ ಹೆಚ್ಚಿಸುವ ‘ಸ್ಟಾರ್ ಕಾರ್ಡ್’ಗಳೋ, ಹಣ ಕೊಟ್ಟು ಕೊಳ್ಳಬಹುದಾದ, ಒಳಗೇನಿದೆ ಎಂದು ತೆರೆದ ಮೇಲಷ್ಟೇ ತಿಳಿಯುವ ಲೂಟ್ ಬಾಕ್ಸ್‌ಗಳಲ್ಲಿದ್ದವು. ಆಟಕ್ಕೇ ಪೂರ್ಣ ಬೆಲೆ ಕೊಟ್ಟವರು ಸಿಟ್ಟಿಗೆದ್ದರು. ಪ್ರಕಾಶಕ ಸಂಸ್ಥೆ ಇಎ ಪಾತ್ರದ ಬೆಲೆಯನ್ನು 15,000ಕ್ಕೆ ಇಳಿಸಿತು, ಬಿಡುಗಡೆಯ ಹಿಂದಿನ ದಿನ ಆಟದೊಳಗಿನ ಹಣದ ಖರೀದಿಯನ್ನೇ ನಿಲ್ಲಿಸಿತು. 2018ರ ಮಾರ್ಚ್ ಹೊತ್ತಿಗೆ ಸ್ಟಾರ್ ಕಾರ್ಡ್ ಆಡಿಯೇ ಗಳಿಸುವ ವಸ್ತುವಾಯಿತು.

‘ಡೆಸ್ಟಿನಿ 2’ರ ಪ್ರಕರಣ ಇನ್ನೂ ಸೂಕ್ಷ್ಮ. ಪರದೆಯ ಮೇಲೆ ಬಂದ ಎಕ್ಸ್‌ಪಿ ಒಂದು, ಖಾತೆಗೆ ಜಮೆಯಾದದ್ದು ಇನ್ನೊಂದು ಎಂಬ ಅನುಮಾನದಿಂದ ಆಟಗಾರರು ಪ್ರತಿ ಪಂದ್ಯದ ಅಂಕ ಬರೆದಿಟ್ಟುಕೊಂಡು ಕೂಡಿಸಿ ನೋಡಿದರು. ಒಂದೇ ಬಗೆಯ ಆಟವನ್ನು ಬೇಗ ಬೇಗ ಆಡಿದಷ್ಟೂ ಆಟ ಸದ್ದಿಲ್ಲದೆ ಅಂಕ ಕಡಿತ ಮಾಡುತ್ತಿತ್ತು. ಅಲ್ಲಿ ಲೆವೆಲ್ ಏರಿದಾಗ ಸಿಗುತ್ತಿದ್ದ ಬಹುಮಾನದ ಪೊಟ್ಟಣವೇ ಅಂಗಡಿಯಲ್ಲಿ ಹಣಕ್ಕೂ ಸಿಗುತ್ತಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಆಟ ರೂಪಿಸಿದ ಬಂಜಿ ಸಂಸ್ಥೆ ಕಡಿತವನ್ನು ಒಪ್ಪಿಕೊಂಡು ತೆಗೆದುಹಾಕಿತು. ಆದರೆ ಅದರ ಬೆನ್ನಿಗೇ ಒಂದು ಲೆವೆಲ್‌ಗೆ ಬೇಕಾದ ಎಕ್ಸ್‌ಪಿ 80,000ದಿಂದ 1,60,000ಕ್ಕೆ ಏರಿತ್ತು. ದಾರಿಯ ಉದ್ದ ಎಷ್ಟು ಸುಲಭವಾಗಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕಾನೂನು ಮುಟ್ಟದ ಜಾಗ

ಸರ್ಕಾರಗಳು ಈವರೆಗೆ ಹೆಚ್ಚು ಗಮನ ಕೊಟ್ಟಿರುವುದು ಅದೃಷ್ಟದ ಆಟಕ್ಕೆ. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜು ಎಂದು ಪರಿಗಣಿಸಿತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಗೆದ್ದರೆ ಹಣ ಬರುತ್ತದೆಂಬ ನಿರೀಕ್ಷೆಯಲ್ಲಿ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಬೂಸ್ಟ್ ಕೊಂಡವನಿಗೆ ಹಣ ಹಿಂತಿರುಗಿ ಬರುವ ಮಾತೇ ಇಲ್ಲ. ಹಾಗಾಗಿ ಆ ಕಾಯ್ದೆಯ ಗುರಿ ಇದಲ್ಲ. ಗ್ರಾಹಕರನ್ನು ದಿಕ್ಕುತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕೆ ಹತ್ತಿರ ಬರುತ್ತದೆ. ‘ಈಗಲೇ ಕೊಳ್ಳದಿದ್ದರೆ ಕೈತಪ್ಪುತ್ತದೆ’ ಎಂಬ ಸುಳ್ಳು ಅವಸರ ಹುಟ್ಟಿಸುವುದೂ ಆ ಪಟ್ಟಿಯಲ್ಲಿದೆ.

ಅವಸರದ ಮಾತು ಬಂದಾಗ ಬೂಸ್ಟ್‌ನ ಗಡಿಯಾರವನ್ನೂ ಗಮನಿಸಬೇಕು. ಕೆಲವು ಬೂಸ್ಟ್‌ಗಳು ಪಂದ್ಯಗಳ ಲೆಕ್ಕದಲ್ಲಿ ಬರುತ್ತವೆ, ಕೆಲವು ಗಂಟೆಗಳ ಲೆಕ್ಕದಲ್ಲಿ. ಗಂಟೆಯ ಬೂಸ್ಟ್ ಒಮ್ಮೆ ಒತ್ತಿದರೆ, ಎಷ್ಟೋ ಆಟಗಳಲ್ಲಿ ಲಾಬಿಯಲ್ಲಿ ಕಾಯುವಾಗಲೂ ಅದು ಕರಗುತ್ತಲೇ ಇರುತ್ತದೆ. ಅಮ್ಮ ಊಟಕ್ಕೆ ಕರೆದರೆ ಮಗ ಏಳುವುದಿಲ್ಲ. ಎದ್ದರೆ ಕೊಟ್ಟ ದುಡ್ಡು ಹಾಳು. ಬಿಜಿಎಂಐ 2021ರಲ್ಲಿ ಶುರುವಾದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿ ಇತ್ತು. ಮಿತಿ ಇಟ್ಟದ್ದು ಒಳ್ಳೆಯದೇ. ಆದರೆ ದಿನಕ್ಕೆ 7,000 ಎಂಬುದು ನಮ್ಮ ಎಷ್ಟೋ ಮನೆಗಳ ತಿಂಗಳ ದಿನಸಿಯ ಖರ್ಚು. ಯುಪಿಐ ಪಿನ್ ತಿಳಿದಿರುವ ಮಗುವಿಗೆ ಅದು ತಡೆಗೋಡೆಯಾಗಲಾರದು.

ಕೇಳಿದರೆ ಬದಲಾಗುತ್ತದೆ

ನ್ಯಾಯವಾದ ವ್ಯವಸ್ಥೆ ಹೀಗಿರಬೇಕು ಎಂಬುದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಪಂದ್ಯ ಆರಂಭವಾಗುವಾಗ ಎಲ್ಲರಿಗೂ ಒಂದೇ ಆಯುಧಪಟ್ಟಿ ಸಿಗಲಿ. ಲೆವೆಲ್ ವೇಷ, ಬಣ್ಣ, ಬಿರುದುಗಳನ್ನು ಮಾತ್ರ ತೆರೆಯಲಿ. ಆಯುಧವನ್ನು ಹಂತಹಂತವಾಗಿಯೇ ಕೊಡಬೇಕೆಂದಿದ್ದರೆ, ರ್‍ಯಾಂಕ್ ಪಂದ್ಯದಲ್ಲಾದರೂ ಎಲ್ಲವೂ ಎಲ್ಲರಿಗೂ ತೆರೆದಿರಲಿ. ಸಮಯವಿಲ್ಲದವರಿಗೆ ನೆರವಾಗಬೇಕೆಂದರೆ ತಡವಾಗಿ ಬಂದವರಿಗೆ ಉಚಿತವಾಗಿಯೇ ವೇಗ ಹೆಚ್ಚಿಸಲಿ. ವಾರಾಂತ್ಯದ ಡಬಲ್ ಎಕ್ಸ್‌ಪಿಯನ್ನು ಆಟದವರು ಎಲ್ಲರಿಗೂ ಕೊಡುತ್ತಾರಲ್ಲ, ಅದೇ ದಾರಿ. ಬೂಸ್ಟ್ ಮಾರಲೇಬೇಕೆಂದಿದ್ದರೆ ಅದನ್ನು ಪಂದ್ಯಗಳ ಲೆಕ್ಕದಲ್ಲಿ ಮಾರಲಿ. ಒಂದು ಲೆವೆಲ್‌ಗೆ ಎಷ್ಟು ಎಕ್ಸ್‌ಪಿ ಬೇಕು, ಆ ಸಂಖ್ಯೆ ಯಾವಾಗ ಬದಲಾಯಿತು ಎಂಬುದನ್ನು ಅಂಗಡಿಯ ಪುಟದಲ್ಲೇ ಬರೆಯಲಿ.

ಇವೆಲ್ಲ ಕಂಪನಿಗಳ ಹಿತಕ್ಕೂ ಬೇಕಾದದ್ದೇ. ಹಣ ಕೊಡದೆ ಆಡುವವರು ಇಲ್ಲದಿದ್ದರೆ ಹಣ ಕೊಟ್ಟವರು ಯಾರ ಎದುರು ಗೆಲ್ಲಬೇಕು? ಸೋತು ಸೋತು ಹೊಸಬರು ಬಿಟ್ಟುಹೋದರೆ ಲಾಬಿ ತುಂಬುವುದಿಲ್ಲ.

ಆಟಗಾರರ ಮಾತಿಗೆ ಬೆಲೆಯಿಲ್ಲ ಎಂದು ಕೈಚೆಲ್ಲುವುದಕ್ಕೂ ಕಾರಣವಿಲ್ಲ. ಬ್ಯಾಟಲ್‌ಫ್ರಂಟ್ ಬದಲಾಯಿತು. 2023ರ ಮೇ ತಿಂಗಳಲ್ಲಿ ‘ವಾರ್ ಥಂಡರ್’ ಆಟಗಾರರು ಗಳಿಕೆಯ ಲೆಕ್ಕ ಅನ್ಯಾಯವಾಗಿದೆ ಎಂದು ಸಾಮೂಹಿಕವಾಗಿ ಕಳಪೆ ರೇಟಿಂಗ್ ಕೊಟ್ಟ ಮೇಲೆ ಅದರ ಆರ್ಥಿಕತೆಯ ಪರಿಷ್ಕರಣೆಯಾಯಿತು. ಹೊಸ ಪಾತ್ರಗಳನ್ನು 2022ರಲ್ಲಿ ಬ್ಯಾಟಲ್ ಪಾಸ್‌ನೊಳಗೆ ಇಟ್ಟಿದ್ದ ‘ಓವರ್‌ವಾಚ್ 2’, 2024ರ ಏಪ್ರಿಲ್‌ನಿಂದ ಎಲ್ಲ ಪಾತ್ರಗಳನ್ನೂ ಎಲ್ಲರಿಗೂ ತೆರೆಯಿತು. ಹಾಗಾಗಿ ಮುಂದಿನ ಸಲ ಟಾಪ್‌ಅಪ್ ಮಾಡುವ ಮುನ್ನ, ಅಥವಾ ಮಗ ಫೋನ್ ಹಿಡಿದು ಬಂದು ದುಡ್ಡು ಕೇಳಿದಾಗ, ಮೂರು ಪ್ರಶ್ನೆ ಕೇಳಿ: ಇದರಿಂದ ಸಿಗುವುದು ಬಣ್ಣವೋ ಬಲವೋ? ಇದಿಲ್ಲದೆ ಅಲ್ಲಿಗೆ ತಲುಪಲು ಎಷ್ಟು ಗಂಟೆ ಬೇಕು? ಆ ಗಂಟೆಗಳನ್ನು ನಿಗದಿ ಮಾಡಿದವರು ಯಾರು? ಉತ್ತರ ಸಿಗದಿದ್ದರೆ ಹಣ ಕೊಡಬೇಡಿ. ಉತ್ತರ ಹಿಡಿಸದಿದ್ದರೆ ರೇಟಿಂಗ್‌ನಲ್ಲಿ, ದೂರಿನಲ್ಲಿ, ಬಹಿರಂಗವಾಗಿಯೇ ಹೇಳಿ.